ನಾಳೆ, ಇದೇ ಹೊತ್ತಿಗೆ

ಮಾರ್ಚ್ 11
ರೇಡಿಯೋದಲ್ಲಿ ಕಾದಂಬರಿಯ ಹನ್ನೊಂದನೆಯ ಅಧ್ಯಾಯ ಓದಿದೆ. ಎಂದಿನಂತೆ ನೇರ ಪ್ರಸಾರ. ಅನುವಾದಕರ ವಾಕ್ಯಗಳು ಉದ್ದ. ಉಸಿರೆಳೆದುಕೊಳ್ಳುವ ಕಡೆಗಳಲ್ಲಿ ಪೆನ್ಸಿಲ್ ಗೀಟು ಹಾಕಿಕೊಂಡಿದ್ದೆ. ಆದರೂ ಒಂದು ಕಡೆ ಎಡವಿದೆ.

ಮನೆಗೆ ಬಂದರೆ ಅಮ್ಮನ ವರದಿ. ಕಣ್ಣು ಮಂಜಾದ ಮೇಲೆ ರೇಡಿಯೋವೇ ಅವಳ ಪುಸ್ತಕ.

"ಇವತ್ತು ಅವಳು ಒಂದ್ಕಡೆ ತಡವರಿಸಿದ್ಲು ಕಣೇ. ಊಟ ಸರಿಯಾಗಿ ಮಾಡಿರ್ಲಿಲ್ವೇನೋ."

ಓದುವವಳು ನಾನೇ ಎಂದು ಅಮ್ಮನಿಗೆ ಗೊತ್ತು. ಒಪ್ಪುವುದಿಲ್ಲ. "ಅವಳ ದನಿ ಎಲ್ಲಿ, ನಿನ್ನ ಗೊಣಗಾಟ ಎಲ್ಲಿ."

ಮಾರ್ಚ್ 19
ನಿರ್ದೇಶಕಿ ಕರೆದಿದ್ದರು. ಏಪ್ರಿಲ್‌ನಿಂದ ನಿಲಯಕ್ಕೆ ಸರ್ಕಾರದ ಅನುದಾನ ಅರ್ಧ. ಸುದ್ದಿ, ಹವಾಮಾನ ಉಳಿಯುತ್ತವೆ. ಪುಸ್ತಕ ಇಲ್ಲ. ಜಾಹೀರಾತು ಸಿಕ್ಕರೆ ನೋಡಬಹುದಂತೆ — ಕಾದಂಬರಿಯ ತಂಗಿ ಅಕ್ಕನನ್ನು ಹುಡುಕಿ ಹೆಪ್ಪುಗಟ್ಟಿದ ನದಿ ದಾಟುತ್ತಿರುವಾಗ, ನಡುವೆ ಸೋಪು. ಬೇಡ ಎಂದೆ. ಸೋಪಿನವರೂ ಬೇಡ ಎಂದರಂತೆ.

ಸ್ಟುಡಿಯೋದ ಗಾಜಿನಾಚೆ ಕೂರುವ ಗುಂಡಿಯಣ್ಣ — ದನಿ ಏರಿಸಿ ಇಳಿಸುವ ಗುಂಡಿಗಳೆಲ್ಲ ಅವನವು — ಉಪಾಯ ಹೇಳಿದ.

"ನಾಲ್ಕು ಅಧ್ಯಾಯ ಹಾರಿಸ್ಬಿಡಿ ಮೇಡಂ. ಹುಡುಗಿ ದಡ ಸೇರ್ಲಿ."

"ಅನುವಾದಕರು ಒಂದು ಸಾಲೂ ಹಾರಿಸಿಲ್ಲ."

"ಅವ್ರಿಗೆ ಅನುದಾನ ಇತ್ತೇನೋ."

ಮಾರ್ಚ್ 31
ಕೊನೆಯ ದಿನ. ತಂಗಿ ನದಿಯ ನಟ್ಟನಡುವೆ. ಕಾಲ ಕೆಳಗೆ ಮಂಜುಗಡ್ಡೆ ಬಿರಿಯುವ ಸದ್ದು… ಅಷ್ಟಕ್ಕೆ ಹೊತ್ತಾಯಿತು. ವಿದಾಯದ ಮಾತು ಬರೆದ ಚೀಟಿ ಎದುರಿಗೇ ಇತ್ತು. ಬಾಯಿ ಮಾತ್ರ ಅಭ್ಯಾಸಬಲದಿಂದ ಹೇಳಿತು — "ಮುಂದಿನ ಭಾಗ ನಾಳೆ, ಇದೇ ಹೊತ್ತಿಗೆ."

ಕೆಂಪು ದೀಪ ಆರಿತು. ಗುಂಡಿಯಣ್ಣ ತಲೆ ಮೇಲೆ ಕೈ ಹೊತ್ತು ನಕ್ಕ. "ಸರ್ಕಾರ ದುಡ್ಡು ಕೊಡಲ್ಲ ಅಂತು. ನೀವು ಮಾತು ಕೊಟ್ಬಿಟ್ರಿ."

ಏಪ್ರಿಲ್ 1
ಮೂರಕ್ಕೆ, ಕಾದಂಬರಿಯ ಹೊತ್ತಿಗೆ, ಅಮ್ಮ ರೇಡಿಯೋ ಹಾಕಿದಳು. ಯಾವುದೋ ವಾದ್ಯಸಂಗೀತ. ಪ್ಲಗ್ ಕಿತ್ತಳು.

"ನಾಳೆ ಅಂದಿದ್ಲಲ್ಲ."

"ಬಾಯಿತಪ್ಪಿ ಅಂದಿದ್ದಮ್ಮ."

"ಅವಳು ಹಾಗೆಲ್ಲ ಮಾತು ತಪ್ಪೋಳಲ್ಲ."

ಪುಸ್ತಕ ತಂದು ಪಕ್ಕದಲ್ಲಿ ಕೂತೆ. ಎರಡು ಸಾಲಿಗೇ ತಡೆದಳು. "ಇಲ್ಲಿ ಕೂತ್ರೆ ನೀನೇ ಅನ್ಸುತ್ತೆ. ಒಳಗೆ ಹೋಗು. ಬಾಗಿಲು ಹಾಕ್ಕೋ."

ಹೋದೆ. ಬಾಗಿಲ ಹಿಂದೆ ನಿಂತು, ಗಂಟಲು ಸರಿಮಾಡಿಕೊಂಡು, ಕಾದಂಬರಿಯ ಹೆಸರಿನಿಂದ ಶುರು ಮಾಡಿದೆ. ಆಚೆ ಏನೋ ಕರಕರ ಸದ್ದು. ಸಂದಿಯಲ್ಲಿ ಇಣುಕಿದೆ. ಪ್ಲಗ್ ಕಿತ್ತ ರೇಡಿಯೋದ ದನಿಯ ಗುಂಡಿ ತಿರುಗಿಸುತ್ತಿದ್ದಾಳೆ.

ದನಿ ಸ್ವಲ್ಪ ಏರಿಸಿದೆ.

ಏಪ್ರಿಲ್ 2
ಗುಂಡಿಯಣ್ಣ ಬಂದಿದ್ದಾನೆ, ತನ್ನ ಅತ್ತೆಯನ್ನು ಕರೆದುಕೊಂಡು. ರೇಡಿಯೋದಲ್ಲಿ ಮಂಜುಗಡ್ಡೆ ಬಿರಿದಾಗಿನಿಂದ ಆಕೆಗೆ ಊಟ ಸೇರುತ್ತಿಲ್ಲವಂತೆ. ಹೊರಗೆ ಅಮ್ಮ ಇಬ್ಬರಿಗೂ ನಿನ್ನೆಯ ಭಾಗ ಹೇಳುತ್ತಿದ್ದಾಳೆ — ಹಾರಿಸಿ ಹಾರಿಸಿ. ಕೇಳಲಾಗುತ್ತಿಲ್ಲ. ತಂಗಿ ಇನ್ನೂ ದಡ ಮುಟ್ಟಿಲ್ಲ.

ಒಳಗೆ ಕೂತು ಗೀಟು ಹಾಕಿ ಮುಗಿಸಿ, ಇದನ್ನು ಬರೆಯುತ್ತಿದ್ದೇನೆ. ಬಾಗಿಲ ಸಂದಿಯಲ್ಲಿ ಗುಂಡಿಯಣ್ಣನ ಕೈ ತೂರಿತು. ಸ್ಟುಡಿಯೋದಲ್ಲಿ ಪ್ರಸಾರ ಶುರುವಾಗುವ ಮುನ್ನ ಗಾಜಿನಾಚೆಯಿಂದ ತೋರಿಸುತ್ತಿದ್ದಂತೆಯೇ ಐದು ಬೆರಳು. ಈಗ ನಾಲ್ಕು. ಮೂರು —