ರಾಣಿಗೆ ಕುರ್ಚಿ ಕೊಟ್ಟ ಕಚೇರಿಗೆ

ಗುರುತಿನ ಚೀಟಿ ತಿದ್ದುವ ಕಚೇರಿಯ ಮಾನ್ಯ ಅಧಿಕಾರಿಗಳೇ,

ಮೊದಲು ಅಭಿನಂದನೆ ಸ್ವೀಕರಿಸಿ. ಹೆಣ್ಣು ಯಾರು, ಗಂಡು ಯಾರು ಎಂದು ಕಣ್ಣಳತೆಯಲ್ಲೇ ತೀರ್ಮಾನಿಸುವ ಅಪರೂಪದ ವಿದ್ಯೆ ತಮಗೆ ಸಿದ್ಧಿಸಿದೆ. ಅದರ ಬಲದಿಂದ ಕಳೆದ ವಾರ ತಾವು ನನ್ನ ಅಕ್ಕನ ಮಗಳನ್ನು ಹೆಣ್ಣಲ್ಲವೆಂದು ಮತ್ತೊಮ್ಮೆ ವಾಪಸ್ ಕಳಿಸಿದಿರಿ. ಅದೇ ಗಳಿಗೆಯಲ್ಲಿ ನನ್ನನ್ನು ಹೆಣ್ಣೆಂದು ಒಪ್ಪಿ, ಎದ್ದು ನಿಂತು ಕುರ್ಚಿ ಕೊಟ್ಟಿರಿ. ನಾನು ಐವತ್ತು ದಾಟಿದ ಗಂಡಸು. ಎರಡರಲ್ಲಿ ಒಂದು ತೀರ್ಪಾದರೂ ಸರಿಯಿದ್ದಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲ.

ಇದು ಬಹಿರಂಗ ಪತ್ರ, ಓದುಗರಿಗೂ ಹಿನ್ನೆಲೆ ತಿಳಿಯಲಿ. ನನ್ನ ಸೊಸೆ, ಅಂದರೆ ಆ ಅಕ್ಕನ ಮಗಳು, ರೈಲು ಬೋಗಿ ಕಾರ್ಖಾನೆಯಲ್ಲಿ ವೆಲ್ಡರ್. ಜೊತೆಯವರು ಅವಳನ್ನು ಕಿಡಿ ಎಂದೇ ಕರೆಯುವುದು. ಅವಳು ಹುಟ್ಟಿದಾಗ ದಾದಿ ಗಂಡು ಎಂದಳು, ಎಲ್ಲರೂ ಹಾಗೇ ಬರೆದುಕೊಂಡರು. ತಾನು ಹೆಣ್ಣೆಂಬುದು ಅವಳಿಗೆ ಬುದ್ಧಿ ಬಂದಾಗಿನಿಂದ ಗೊತ್ತು. ಅದನ್ನು ಬಾಯಿಬಿಟ್ಟು ಹೇಳುವಷ್ಟರಲ್ಲಿ ಅವಳ ಅರ್ಧ ಯೌವನ ಕಳೆದಿತ್ತು. ಈಗ ಅವಳ ಕೆಲಸ ಕಾಯಂ ಆಗಲಿದೆ. ತಿಂಗಳೊಳಗೆ ತಿದ್ದಿದ ಚೀಟಿ ತಂದರೆ ಅವಳ ಹೆಸರಿನಲ್ಲೇ ನೇಮಕ, ಇಲ್ಲವಾದರೆ ಅಪ್ಪ ಇಟ್ಟ ಹಳೇ ಗಂಡು ಹೆಸರಿನಲ್ಲಿ. ದಿನಾ ಬೆಳಿಗ್ಗೆ ಹಾಜರಿಯಲ್ಲಿ ಆ ಹೆಸರನ್ನೇ ಕೂಗುತ್ತಾರೆ, ನಿವೃತ್ತಿಯವರೆಗೂ. "ಆ ಹೆಸರಿಗೆ ನಾನು ಓಗೊಡಲ್ಲ ಮಾವ, ಕೆಲಸ ಹೋದ್ರೂ ಸರಿ" ಎಂದಿದ್ದಾಳೆ. ಹೇಳಿದಂತೆ ಮಾಡುವ ಜಾತಿಯವಳು ಅವಳು. ನಮ್ಮ ಅಕ್ಕನಿಗೆ ಅನ್ನ ಸೇರುತ್ತಿಲ್ಲ.

ಅರ್ಜಿದಾರರ ಸ್ವಂತ ಘೋಷಣೆಯೊಂದೇ ಸಾಕು ಎಂಬ ನಿಯಮಕ್ಕೆ ತಾವು ಗಾಜು ಹಾಕಿಸಿ, ಗೋಡೆಗೆ ತೂಗುಹಾಕಿದ್ದೀರಿ. ತಮ್ಮ ತಲೆಯ ಹಿಂದೆಯೇ ಇರುವುದರಿಂದ ತಮಗೆ ಕಾಣುವುದಿಲ್ಲವೆಂದು ತೋರುತ್ತದೆ. ತಮ್ಮ ಮೇಜಿನ ಪದ್ಧತಿಯೇ ಬೇರೆ. ಅರ್ಜಿದಾರರು ಬಾಗಿಲಿನಿಂದ ಮೇಜಿನವರೆಗೆ ನಡೆದು ತೋರಿಸಬೇಕು, ತಾವು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ನೋಡಬೇಕು. ಅರ್ಧ ದಿನ ರಜೆ ಹಾಕಿ, ಕಾರ್ಖಾನೆಯ ಬಟ್ಟೆಯಲ್ಲೇ ಓಡಿಬಂದ ಹುಡುಗಿಗೆ ತಾವು ಹೇಳಿದ್ದೇನು?

"ನೋಡಪ್ಪಾ, ಕೂದಲಿಲ್ಲ, ಓಲೆ ಇಲ್ಲ, ನಡಿಗೆ ನೋಡಿದ್ರೆ ಪೈಲ್ವಾನ್ ಥರ. ಹೇಗೆ ನಂಬೋದು?"

"ಬೆಂಕಿ ಕೆಲಸ ಸಾರ್. ಉದ್ದ ಕೂದಲು ಬಿಟ್ರೆ ಕಿಡಿ ಹತ್ತುತ್ತೆ."

"ಹೆಣ್ಣಾಗ್ಬೇಕು ಅಂದ್ರೆ ಸ್ವಲ್ಪ ಕಷ್ಟ ಪಡ್ಬೇಕಪ್ಪಾ."

ಅಯ್ಯೋ, ಅವಳು ಪಟ್ಟ ಕಷ್ಟ ತಮಗೆ ಸಾಲಲಿಲ್ಲವೇ ಸ್ವಾಮಿ?

ಅಷ್ಟರಲ್ಲಿ ನಾನು ಬಂದೆ. ಮನೆಯವರ ಸಾಕ್ಷಿ ಸಹಿ ಬೇಕಂತೆ ಎಂದು ಅವಳು ಫೋನು ಮಾಡಿದಾಗ ನಾನು ಮಧ್ಯಾಹ್ನದ ಆಟ ಮುಗಿಸಿ ರಂಗದ ಮೇಲಿಂದ ಆಗತಾನೇ ಇಳಿದಿದ್ದೆ. ನಾಟಕ ಕಂಪನಿಯಲ್ಲಿ ರಾಣಿ ಪಾತ್ರಗಳೆಲ್ಲ ನನ್ನವೇ. ಬಣ್ಣ ತೆಗೆಯುತ್ತಾ ಕೂತರೆ ತಮ್ಮ ಕಚೇರಿ ಬಾಗಿಲು ಹಾಕುತ್ತದೆಂದು, ಕಿರೀಟವೊಂದನ್ನು ಇಳಿಸಿಟ್ಟು ಇದ್ದ ಹಾಗೇ ಬಂದುಬಿಟ್ಟೆ. ಸೊಂಟ ಮುಟ್ಟುವ ಜಡೆ, ಜೋಲಾಡುವ ಓಲೆ, ರಾಣಿಯ ನಡಿಗೆಯೂ ಇನ್ನೂ ಕಾಲಿನಿಂದ ಇಳಿದಿರಲಿಲ್ಲ. "ಬನ್ನಿ ಅಮ್ಮಾ, ಕೂತ್ಕೊಳ್ಳಿ" ಎಂದು ತಾವು ಕುರ್ಚಿ ಎಳೆದುಕೊಟ್ಟಿರಿ. ಆಮೇಲೆ ನನ್ನ ಕಡೆ ಕೈತೋರಿಸಿ ಅವಳಿಗೆ ಉಪದೇಶ ಮಾಡಿದಿರಿ: "ನೋಡು, ಹೆಣ್ಣು ಅಂದ್ರೆ ಹೀಗಿರ್ಬೇಕು."

"ಸಾರ್, ನಾನು ಇವಳ ಸೋದರಮಾವ" ಎಂದೆ, ನನ್ನ ಸ್ವಂತ ದನಿಯಲ್ಲಿ. ಪಕ್ಕದ ಮೇಜಿನ ಗುಮಾಸ್ತರಿಗೆ ಕುಡಿಯುತ್ತಿದ್ದ ಚಹಾ ನೆತ್ತಿಗೇರಿತು. ಬೇರೆ ಯಾರಾದರೂ ನಾಚಿಕೊಳ್ಳುತ್ತಿದ್ದರು. ತಾವು ಕನ್ನಡಕ ಒರೆಸಿಕೊಂಡು, "ಇವರಾದ್ರೂ ಪ್ರಯತ್ನ ಪಟ್ಟಿದ್ದಾರಲ್ಲ" ಎಂದಿರಿ. ಬಿದ್ದರೂ ಮೀಸೆ ಮಣ್ಣಾಗಲಿಲ್ಲ! ಸಂಜೆ ಇದನ್ನು ಕೇಳಿದ ನನ್ನ ಹೆಂಡತಿ, "ಇಷ್ಟು ವರ್ಷ ಹೆಂಗಸಾಗಿ ಬಾಳಿದೀನಿ, ನನಗೆ ಯಾವ ಆಫೀಸಲ್ಲೂ ಕುರ್ಚಿ ಕೊಟ್ಟಿಲ್ಲ ಕಣ್ರೀ" ಎಂದಳು.

ಮಾನ್ಯರೇ, ಉಡುವುದು, ತೊಡುವುದು, ಕೂದಲು, ನಡಿಗೆ ಇವಕ್ಕೆ ಓದಿದವರು ಲಿಂಗತ್ವದ ಅಭಿವ್ಯಕ್ತಿ ಅನ್ನುತ್ತಾರೆ. ತಾನು ಯಾರು ಎಂದು ಒಬ್ಬರಿಗೆ ಒಳಗಿನಿಂದ ಗೊತ್ತಿರುತ್ತದಲ್ಲ, ಅದು ಲಿಂಗತ್ವದ ಗುರುತು. ಮೊದಲನೆಯದು ತಮ್ಮ ಕಣ್ಣಿಗೆ ಬೀಳುತ್ತದೆ. ಎರಡನೆಯದನ್ನು ಕೇಳಿಯೇ ತಿಳಿಯಬೇಕು. ನಾನು ಜಡೆ ಹಾಕಿದರೆ ಹೆಂಗಸಾಗುವುದಿಲ್ಲ, ಅವಳು ಕೂದಲು ಕತ್ತರಿಸಿದರೆ ಗಂಡಸಾಗುವುದಿಲ್ಲ. ಓಲೆ ತೊಟ್ಟು ಸುಖಪಡುವವರು ತೊಡಲಿ, ಯಾರು ಬೇಡ ಅಂದರು? ಅದನ್ನು ಪರೀಕ್ಷೆ ಮಾಡಬೇಡಿ ಅನ್ನುತ್ತಿದ್ದೇನೆ, ಅಷ್ಟೇ. ತಮ್ಮ ಕಚೇರಿಯ ಟೈಪಿಸ್ಟ್ ಅಮ್ಮನವರದ್ದೂ ಮೋಟು ಕೂದಲು. ಅವರ ಚೀಟಿಯನ್ನೂ ಕಿತ್ತುಕೊಂಡಿರಾ? ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರೆ ಹಿರಿಯರು. ತಾವು ಪ್ರಮಾಣ ಕೈಯಲ್ಲಿದ್ದರೂ ಪ್ರತ್ಯಕ್ಷವೇ ಬೇಕೆಂದು ಹಟ ಹಿಡಿದಿದ್ದೀರಿ.

ನಿಜ ಹೇಳುತ್ತೇನೆ, ನಾನೂ ಸೋತೆ. ತಮ್ಮಂಥವರ ಜೊತೆ ಜಗಳವೇಕೆ, ಚೀಟಿ ಸಿಕ್ಕರೆ ಸಾಕು ಎಂದು ಅವಳನ್ನು ನಮ್ಮ ಬಣ್ಣದ ಕೋಣೆಗೆ ಕರೆದುಕೊಂಡು ಹೋದೆ. ಕನ್ನಡಿ ಮುಂದೆ ಕೂರಿಸಿ ನನ್ನ ಜಡೆಯನ್ನು ಅವಳ ತಲೆಗಿಟ್ಟೆ. ಚೆನ್ನಾಗಿಯೇ ಕಾಣುತ್ತಿದ್ದಳು. ಸ್ವಲ್ಪ ಹೊತ್ತು ನೋಡಿಕೊಂಡಳು, ಆಮೇಲೆ ಜಡೆ ಬಿಚ್ಚಿ ನನ್ನ ಕೈಗಿಟ್ಟಳು.

"ಬೇಡ ಮಾವ. ಹುಟ್ಟಿದಾಗಿಂದ ಗಂಡು ವೇಷ ಹಾಕಿ ಸಾಕಾಗಿದೆ. ಈಗ ಈ ಸಾಹೇಬ್ರಿಗೋಸ್ಕರ ಹೆಣ್ಣು ವೇಷ ಹಾಕ್ಬೇಕಾ? ನಿನಗಾದ್ರೆ ಆಟ ಮುಗಿದ ಮೇಲೆ ಮನೆಗೆ ಹೋಗಿ ಬಣ್ಣ ತೊಳ್ಕೊಬಹುದು. ನಾನು ಯಾವಾಗ ತೊಳ್ಕೊಳ್ಲಿ?"

ನಾನು ಜಡೆಯನ್ನು ಪೆಟ್ಟಿಗೆಗೆ ಹಾಕಿ ಮುಚ್ಚಿದೆ. ಇಬ್ಬರೂ ಅತ್ತೆವು.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಸೋಮವಾರ ಅವಳು ಅದೇ ಕಾರ್ಖಾನೆಯ ಬಟ್ಟೆಯಲ್ಲಿ, ಅದೇ ಮೋಟು ಕೂದಲಲ್ಲಿ ಬರುತ್ತಾಳೆ. ನಡೆಸಿ ನೋಡಬೇಡಿ. "ಅಪ್ಪಾ" ಅನ್ನಬೇಡಿ. ನನಗೆ ಕೊಟ್ಟಿರಲ್ಲ, ಆ ಕುರ್ಚಿಯನ್ನು ಅವಳಿಗೆ ಕೊಡಿ, ಅವಳು ಹೇಳಿದ್ದನ್ನು ಚೀಟಿಯಲ್ಲಿ ಬರೆಯಿರಿ. ಅದಾಗದು, ನನ್ನ ಕಣ್ಣೇ ಕಾನೂನು ಅನ್ನುವುದಾದರೆ ಮಾತಿಗೆ ಬದ್ಧರಾಗಿರಿ: ಹೆಣ್ಣೆಂದು ಬರೆದ ಚೀಟಿಯನ್ನು ನನ್ನ ಹೆಸರಿಗೆ ಕಳಿಸಿ. ನನಗೆ ಅದು ಯಾವ ಕೆಲಸಕ್ಕೂ ಬರುವುದಿಲ್ಲ. ಅವಳಿಗಾದರೆ ದಿನಾ ಬೆಳಿಗ್ಗೆ ಹಾಜರಿಯಲ್ಲಿ ಓಗೊಡುವುದಕ್ಕೆ ಒಂದು ಹೆಸರು ಸಿಗುತ್ತಿತ್ತು.

ಇಂತಿ,
ತಮ್ಮ ಪರೀಕ್ಷೆಯಲ್ಲಿ ಪಾಸಾದ ಏಕೈಕ ಹೆಣ್ಣು,
ಇಬ್ಬರು ಮಕ್ಕಳ ತಂದೆ