ಸರ್ವಾನುಮತ

ಆಗಸ್ಟ್ 12, ಮಂಗಳವಾರ.

ಹೂವಮ್ಮನ ಮುಖ ಕಣ್ಣಿಂದ ಹೋಗುತ್ತಿಲ್ಲ. ಅವಳ ಕೇರಿಗೆ ಮಂಜೂರಾಗಿದ್ದ ನೀರಿನ ಟ್ಯಾಂಕನ್ನು ಇವತ್ತಿನ ಪಂಚಾಯ್ತಿ ಸಭೆಯಲ್ಲಿ ಬೇರೆ ಕಡೆಗೆ ಬದಲಾಯಿಸಿದರು. "ನೀವೇ ಅಧ್ಯಕ್ಷರಾಗಿದ್ದೂ ಹಿಂಗಾಯ್ತಲ್ಲ ಅಮ್ಮ," ಎಂದಳು.

ಎರಡು ವರ್ಷದಿಂದ ನನ್ನ ಕುರ್ಚಿಯಲ್ಲಿ ಇವರು, ನನ್ನ ಯಜಮಾನರು, ಕೂರುತ್ತಿದ್ದರು. ನಡಾವಳಿ ಪುಸ್ತಕ ನನ್ನ ಸಹಿಗೆ ಮನೆಗೇ ಬರುತ್ತಿತ್ತು. ಇವತ್ತು ಹಟ ಹಿಡಿದು ನಾನೇ ಹೋದೆ. "ನನ್ನ ವಿರೋಧ ಇದೆ, ಬರ್ಕೊಳ್ಳಿ," ಅಂದೆ. ಎಲ್ಲರೂ ಇವರ ಮುಖ ನೋಡಿದರು. ಕಾರ್ಯದರ್ಶಿ ಟೀ ತರಿಸಿದರು.

ಬೈಕಿನಲ್ಲಿ ಬರುವಾಗ ಇವರು ಮೆಲ್ಲಗೆ ಹೇಳಿದರು: "ಸೀಟು ಲೇಡೀಸಿಗೆ ಬಂತು ಅಂತ ನಿನ್ನ ನಿಲ್ಸಿದ್ದು. ಇಲ್ದಿದ್ರೆ ನಿನ್ನ ಯಾರು ಕೇಳ್ತಿದ್ರು?" ಸುಳ್ಳಲ್ಲ. ಅದೇ ಸುಡುತ್ತಿದೆ. ಮೀಸಲಾತಿ ಇಲ್ಲದಿದ್ದರೆ ಆ ಕೋಣೆಯ ಬಾಗಿಲನ್ನೂ ನಾನು ಕಾಣುತ್ತಿರಲಿಲ್ಲ. ಕಂಡು ಏನಾಯಿತು?

ಸಂಜೆ ಪುಸ್ತಕ ಬಂತು. ಮೊದಲ ಸಲ ಓದಿದೆ. 'ಮಾನ್ಯ ಅಧ್ಯಕ್ಷರು ಬದಲಾವಣೆಯನ್ನು ಸ್ವಾಗತಿಸಿ ಮಾತನಾಡಿದರು. ಸರ್ವಾನುಮತದಿಂದ ಅಂಗೀಕರಿಸಲಾಯಿತು.' ಹಿಂದಿನ ಪುಟಗಳಲ್ಲೂ ನಾನು ಎಷ್ಟೆಲ್ಲ ಮಾತನಾಡಿದ್ದೇನೆ, ಹೋಗದ ಸಭೆಗಳಲ್ಲಿ.

ಸಹಿ ಹಾಕದೆ ಪುಸ್ತಕ ಮುಚ್ಚಿಟ್ಟೆ. ನಾನು ಬಡಿಸಿದ ತಟ್ಟೆಯನ್ನು ಇವರು ಪಕ್ಕಕ್ಕೆ ಸರಿಸಿ, "ಸಹಿ ಹಾಕು, ಆಮೇಲೆ ಉಣ್ತೀನಿ," ಎಂದು ಕೂತರು. ಒಂದು ಗಂಟೆ ಕೂತರು.

ಹಾಕಿದೆ. ಸಾರು ಬಿಸಿ ಮಾಡಿ ಬಡಿಸಿದೆ.

ನಾಳೆ ಹೂವಮ್ಮ ಹೊಸನಗರದ ತಾಲ್ಲೂಕು ಆಫೀಸಿಗೆ ಹೋಗಿ ಆ ಪುಟದ ನಕಲು ಕೇಳುತ್ತಾಳಂತೆ. ಕೆಳಗಿರುವ ಸಹಿ ಮಾತ್ರ ನನ್ನದು ಅಂತ ಅವಳಿಗೆ ಹೇಗೆ ಹೇಳಲಿ?