ಗುಡ್ಡ ಜರಿಯಿತೆಂಬ ಸುದ್ದಿ

ಕಲಘಟಗಿ ತಾಲೂಕು, ೧೪-೯-೮೬

ಈರಪ್ಪ ಕಾಕಾ ಅವರಿಗೆ ಮಡಿವಾಳೆಪ್ಪನ ನಮಸ್ಕಾರಗಳು.

ನೀವು ಕೊಡಿಸಿದ ನೌಕರಿ ನಿನ್ನೆ ಹೋಗೇ ಹೋಗಿತ್ತು, ಹೆಂಗೋ ಉಳೀತು! ಇಲ್ಲಿ ಮುಚ್ಚಿದ ಯುರೇನಿಯಂ ಗಣಿಯ ಗುಡ್ಡ ಬಿರುಕು ಬಿಟ್ಟಲ್ಲೆಲ್ಲ ಸಾಹೇಬ್ರು ಗಾಜಿನ ಪಟ್ಟಿ ಅಂಟಿಸ್ಯಾರ. ಗುಡ್ಡ ಜರಿದರ ಗಾಜು ಒಡೀತೈತಿ, ಅದನ್ನ ಕಾಯೂದು ನನ್ನ ಕೆಲಸ. ನಿನ್ನೆ ಒಂದು ಒಡೆದೇ ಬಿಟ್ಟಿತ್ತು ನೋಡ್ರಿ! ಸಾಹೇಬ್ರು ಸೀಟಿ ಊದಿದರು. ಕೆಳಗಿನ ಹನ್ನೆರಡು ಮನಿ ಮಂದಿ ಕೋಳಿ, ಕೂಸು, ಜ್ವಾಳದ ಚೀಲ ಸಮೇತ ಬಯಲಿಗೆ ಓಡಿದರು. ಆಗ ತಾಯವ್ವ ಅಂಬೋ ಮುದುಕಿ ನನ್ನ ಕಡೆ ಬೆರಳು ಮಾಡಿ, "ಲೇ, ಮುಂಜಾನೆ ಬಯಲಾಟದ ರಾಕ್ಷಸನ ಪಾರ್ಟಿನ ತಾಲೀಮು ಅಂತ ನೀ ಧಡಾಧಡಾ ಕುಣಿದದ್ದು ಆ ಗಾಜಿನ ಬಾಜೂಕ ಅಲ್ಲೇನೋ?" ಅಂದಳು. ಹೌದ್ರಿ ಕಾಕಾ, ಅಲ್ಲೇ! ತಲಿ ತಗ್ಗಿಸಿ ಒಪ್ಪಿಕೊಂಡೆ. ಸಾಹೇಬ್ರು, "ಗುಡ್ಡ ಸರಿದಿಲ್ಲ. ನೀ ಸರಕೋ ಇಲ್ಲಿಂದ" ಅಂದು, ಬೋರಿನ್ಯಾಗಿನ ನೀರು ಅಳೆಯೂ ಕೆಲಸಕ್ಕ ಹಾಕಿದರು.

ಆ ನೀರು ನಾವು ಕುಡಿಯೂದಿಲ್ಲ, ಕಾಕೂಗ ಹೇಳ್ರಿ. ಕುಡಿಯೂ ನೀರು ಮಿಶ್ರಿಕೋಟಿಯಿಂದ ಜೀಪಿನ್ಯಾಗ ಬರ್ತೈತಿ. ಪ್ರಕೃತಿ ಆರಾಮ, ನಡ ಮಾತ್ರ ಹಿಡಿದೈತಿ. "ಕುಣಿದಾಂವ ನೀನು, ಹೊರಾಂವನೂ ನೀನ" ಅಂತ ತಾಯವ್ವ ಮತ್ತ ಒದರಾಕತ್ತಾಳ. ಬಯಲಿನಿಂದ ಎಲ್ಲಾರ ಸಾಮಾನು ಹೊತ್ತು ಮನಿಗೆ ಮುಟ್ಟಿಸೀನಿ, ಇನ್ನ ಮೂರು ಬೀಸುಕಲ್ಲು ಉಳಿದಾವು.

ನಿಮ್ಮ ಮಡಿವಾಳೆಪ್ಪ